ಮರ ಏರುವ ಮುಳ್ಳು, ಕಾಲಿಗೊಂದು ಸಿಂಬಿ

ಮೂಡಿಗೆರೆ ಕಡೆಯಿಂದ ಜಾವಳಿಗೆ ಹೋಗುವ ದಾರಿಯುದ್ದಕ್ಕೂ ಕಾಫಿ ತೋಟಗಳು. ಮೇಲೆ ಬಲ್ಲಾಳರಾಯನ ದುರ್ಗದ ಬೆಟ್ಟಸಾಲು. ಅದರ ತಪ್ಪಲಿನ ಜಾವಳಿಯಲ್ಲೇ ಹೇಮಾವತಿ ನದಿ ಹುಟ್ಟುವುದು. ಮಳೆಗಾಲದಲ್ಲಿ ಈ ಊರಿಗೆ ಬಂದವರಿಗೆ ಮಂಜು, ನೀರು ಬಿಟ್ಟರೆ ಬೇರೇನೂ ಕಾಣದು. ಬೇಸಿಗೆಯಲ್ಲಿ ಬಂದವರು ತಲೆಯೆತ್ತಿ ನೋಡಿದರೆ ಬೇರೆಯೇ ನೋಟ. ಐವತ್ತು ಅರವತ್ತು ಅಡಿ ಎತ್ತರದ ಸಿಲ್ವರ್ ಮರದ ಮೇಲೆ ಒಬ್ಬ ಮನುಷ್ಯ. ಒಂದು ಕೈ ಕಾಂಡವನ್ನು ತಬ್ಬಿದೆ, ಇನ್ನೊಂದು ಕೈಯಲ್ಲಿ ಕತ್ತಿ. ಕೊಂಬೆ ಬೀಳುವ ಮುಂಚೆ ಅವನೊಂದು ಕೂಗು ಹಾಕುತ್ತಾನೆ. ಕೆಳಗಿದ್ದವರು ದೂರ ಸರಿಯುತ್ತಾರೆ.

ಇದು ಮರಗಸಿಯ ಕಾಲ. ಕಾಫಿ ನೆರಳಿನ ಗಿಡ. ನೆರಳು ಹೆಚ್ಚಾದರೆ ಹೂವು ಕಡಿಮೆ, ತೇವ ನಿಂತು ರೋಗ ಹೆಚ್ಚು. ನೆರಳು ಕಡಿಮೆಯಾದರೆ ಎಲೆ ಸುಡುತ್ತದೆ. ಆದ್ದರಿಂದ ಮಳೆ ಹಿಡಿಯುವ ಮುಂಚೆ ನೆರಳಿನ ಮರಗಳ ಕೊಂಬೆ ಸವರಿ ಬೆಳಕನ್ನು ಹದಕ್ಕೆ ತರಬೇಕು. ಅದಕ್ಕೂ ಮುಂಚೆ ಅದೇ ಮರಗಳಿಗೆ ಹಬ್ಬಿದ ಕರಿಮೆಣಸಿನ ಕೊಯ್ಲು. ವರ್ಷಕ್ಕೆ ಎರಡು ಸಲವಾದರೂ ಯಾರಾದರೊಬ್ಬರು ಮರ ಹತ್ತದೆ ಕಾಫಿ ತೋಟ ನಡೆಯುವುದಿಲ್ಲ.

ಹತ್ತುವವರು ಮಾತ್ರ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಹತ್ತುವ ಮಂದಿ ಕಡಿಮೆಯಾದಂತೆ ಹತ್ತಲು ನೆರವಾಗುವ ಸಾಧನಗಳ ಕಡೆಗೆ ಎಲ್ಲರ ಕಣ್ಣು. ಹೊರದೇಶದಲ್ಲಿ ಕಾಲಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಸರಸರನೆ ಮರ ಏರುವವರ ಚಿತ್ರಗಳನ್ನು ಈಗ ಮೊಬೈಲ್ ಫೋನಿನಲ್ಲೇ ನೋಡಬಹುದು. ಇಷ್ಟವಾದರೆ ಮನೆ ಬಾಗಿಲಿಗೇ ತರಿಸಿಕೊಳ್ಳಲೂಬಹುದು. ಕೊಳ್ಳುವುದಕ್ಕೆ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಹತ್ತುವವನ ಕಾಲಿಗೆ ಹಿತವೇ? ಇದು ಮರಕ್ಕೆ ಹಿತವೇ? ಎರಡಕ್ಕೂ ಉತ್ತರ ಪ್ರೌಢಶಾಲೆಯ ಪಾಠದಲ್ಲಿ ಬರುವ ಒಂದೇ ಸೂತ್ರದಲ್ಲಿದೆ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದು.

ಏನಿದು ಸ್ಪರ್?

ಇಂಗ್ಲಿಷಿನಲ್ಲಿ ಇದನ್ನು ಕ್ಲೈಂಬಿಂಗ್ ಸ್ಪರ್ ಎನ್ನುತ್ತಾರೆ. ಕುದುರೆ ಸವಾರರ ಬೂಟಿನ ಹಿಂಬದಿಯಲ್ಲಿರುವ ಮುಳ್ಳಿಗೂ ಸ್ಪರ್ ಎಂದೇ ಹೆಸರು. ಹೊರದೇಶಗಳಲ್ಲಿ ಮರದ ತಂತಿ ಕಂಬಗಳನ್ನು ಹತ್ತುವ ಲೈನ್‌ಮನ್‌ಗಳು ಇದನ್ನು ಬಹಳ ಕಾಲದಿಂದ ಬಳಸುತ್ತ ಬಂದಿದ್ದಾರೆ. ಮರ ಕಡಿಯುವವರೂ ಬಳಸುತ್ತಾರೆ.

ರಚನೆ ಸರಳ. ಬೂಟಿನ ಅಡಿಗೆ, ಹಿಮ್ಮಡಿಯ ಮುಂದಿನ ಕಮಾನಿನ ಕೆಳಗೆ, ಕುದುರೆ ಜೀನಿನ ರಿಕಾಪಿನಂಥ ಒಂದು ಲೋಹದ ಪಟ್ಟಿ ಬರುತ್ತದೆ. ಅಲ್ಲಿಂದ ಕಾಲಿನ ಒಳಬದಿಯಲ್ಲಿ ಮೊಣಕಾಲಿನ ಕೆಳಗಿನವರೆಗೆ ಒಂದು ಲೋಹದ ದಂಡ. ಪಾದದ ಒಳಬದಿಯಲ್ಲಿ ಕೆಳಮುಖವಾಗಿ ಚಾಚಿದ ಒಂದು ಉಕ್ಕಿನ ಮುಳ್ಳು. ಹರಡಿನ ಹತ್ತಿರ ಒಂದು ಪಟ್ಟಿ, ಮೊಣಕಾಲಿನ ಕೆಳಗೆ ಇನ್ನೊಂದು ಪಟ್ಟಿ. ಮೇಲಿನ ಪಟ್ಟಿ ಇರುವಲ್ಲಿ ದಂಡಕ್ಕೂ ಕಾಲಿಗೂ ನಡುವೆ ಒಂದು ಮೆತ್ತೆ, ಅಂದರೆ ಪ್ಯಾಡ್.

ಹತ್ತುವವನು ಕಾಲೆತ್ತಿ ಕಾಂಡಕ್ಕೆ ಊರಿದಾಗ ಮುಳ್ಳು ಮರದೊಳಕ್ಕೆ ಇಳಿಯುತ್ತದೆ. ಅದರ ಮೇಲೆ ನಿಂತು ಇನ್ನೊಂದು ಕಾಲೆತ್ತುತ್ತಾನೆ. ಸೊಂಟದಿಂದ ಕಾಂಡವನ್ನು ಬಳಸಿ ಬಂದ ಗಟ್ಟಿ ಹಗ್ಗ ಅವನು ಹಿಂದಕ್ಕೆ ಬೀಳದಂತೆ ತಡೆಯುತ್ತದೆ.

60 ಕೆ.ಜಿ. ತೂಕದ ಒಬ್ಬ ಮನುಷ್ಯ ಒಂದು ಕಾಲಿನ ಮೇಲೆ ನಿಂತ ಎನ್ನಿ. ಮುಳ್ಳಿನ ತುದಿ ಎರಡು ಚದರ ಮಿಲಿಮೀಟರ್ ಇದ್ದರೆ ಅಷ್ಟು ಸಣ್ಣ ಜಾಗದಲ್ಲಿ ಇಡೀ 60 ಕೆ.ಜಿ. ಭಾರ. ಚದರ ಮಿಲಿಮೀಟರಿಗೆ 30 ಕೆ.ಜಿ. ಆಯಿತು. ಯಾವ ಮರವೂ ಇದನ್ನು ತಡೆಯಲಾರದು, ಮುಳ್ಳು ಒಳಕ್ಕೆ ಹೋಗಲೇಬೇಕು. ಒಳಕ್ಕೆ ಹೋದಂತೆ ಮುಳ್ಳಿನ ದಪ್ಪ ಭಾಗ ಮರಕ್ಕೆ ತಾಗಿ ವಿಸ್ತೀರ್ಣ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಒಂದು ಹಂತದಲ್ಲಿ ಮುಳ್ಳು ನಿಲ್ಲುತ್ತದೆ. ಸೂತ್ರದ ಮೊದಲ ಅರ್ಧ ಇದು: ವಿಸ್ತೀರ್ಣ ಕಡಿಮೆಯಾದರೆ ಒತ್ತಡ ಹೆಚ್ಚು.

ನೋಯುವುದು ಪಾದವಲ್ಲ, ಮೊಣಕಾಲಿನ ಕೆಳಗೆ

ಸ್ಪರ್ ಕಟ್ಟಿ ಒಂದೆರಡು ಮರ ಹತ್ತಿ ಇಳಿದವರಿಗೆ ಸಾಮಾನ್ಯವಾಗಿ ನೋಯುವ ಜಾಗ ಮೊಣಕಾಲಿನ ಕೆಳಗೆ, ಕಾಲಿನ ಒಳಬದಿ. ತೂಕವೆಲ್ಲ ಪಾದದ ಕೆಳಗಿನ ಪಟ್ಟಿಯ ಮೇಲೆ ಬೀಳುವಾಗ ನೋವು ಅಷ್ಟು ಮೇಲಕ್ಕೆ ಬರುವುದೇಕೆ?

ಇಲ್ಲಿ ಸನ್ನೆಯ ತತ್ವವನ್ನು ನೆನಪಿಸಿಕೊಳ್ಳಬೇಕು. ಮನುಷ್ಯನ ಭಾರ ಪಾದದ ನಡುವೆ ಕೆಳಮುಖವಾಗಿ ಬೀಳುತ್ತದೆ. ಮರ ಅವನನ್ನು ಮೇಲಕ್ಕೆ ಒತ್ತಿ ಹಿಡಿಯುವುದು ಮುಳ್ಳಿನ ಮೂಲಕ. ಮುಳ್ಳು ಇರುವುದು ಪಾದದ ನಡುವೆ ಅಲ್ಲ, ಒಳಬದಿಗೆ. ಈ ಎರಡು ಬಲಗಳು ಒಂದೇ ಗೆರೆಯಲ್ಲಿಲ್ಲದ ಕಾರಣ ಇಡೀ ಸ್ಪರ್ ತಿರುಗಲು ನೋಡುತ್ತದೆ. ತಿರುಗಿದಾಗ ದಂಡದ ಮೇಲ್ತುದಿ ಬಂದು ಕಾಲಿನ ಒಳಬದಿಗೆ ಒತ್ತುತ್ತದೆ. ಆ ತಿರುಗಾಟವನ್ನು ತಡೆಯುವ ಕೆಲಸ ಕಾಲಿನದೇ.

ಲೆಕ್ಕ ಕಷ್ಟವಿಲ್ಲ. ಪಾದದ ನಡುವಿನಿಂದ ಮುಳ್ಳಿಗೆ ಇರುವ ಅಂತರ 6 ಸೆಂಟಿಮೀಟರ್, ದಂಡದ ಉದ್ದ 38 ಸೆಂಟಿಮೀಟರ್ ಎಂದು ಅಂದಾಜು ಇಟ್ಟುಕೊಳ್ಳಿ. 60ನ್ನು 6ರಿಂದ ಗುಣಿಸಿದರೆ 360. ಅದನ್ನು 38ರಿಂದ ಭಾಗಿಸಿದರೆ ಸುಮಾರು ಒಂಬತ್ತೂವರೆ. ಅಂದರೆ ಹತ್ತುವವನು ಒಂದು ಕಾಲಿನ ಮೇಲೆ ನಿಂತಾಗಲೆಲ್ಲ ಅವನ ಕಾಲಿನ ಒಳಬದಿಯನ್ನು ಸುಮಾರು ಒಂಬತ್ತೂವರೆ ಕೆ.ಜಿ.ಯ ಬಲ ಒತ್ತುತ್ತಿರುತ್ತದೆ.

ಒತ್ತುವ ಜಾಗವೂ ನಾಜೂಕಿನದು. ಕಾಲಿನ ಹಿಂಭಾಗದ ಮೀನಖಂಡದಲ್ಲಿ ದಪ್ಪ ಸ್ನಾಯು ಇದೆ. ಒಳಬದಿಯ ಮುಂಭಾಗದಲ್ಲಿ ಚರ್ಮದ ಕೆಳಗೆ ನೇರವಾಗಿ ಎಲುಬು. ಬೆಂಚಿಗೆ ತಗುಲಿ ಅಲ್ಲಿ ಪೆಟ್ಟು ತಿಂದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬರಿಯ ದಂಡದ ತುದಿ ಕಾಲಿಗೆ ತಾಗುವ ಜಾಗ 3 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಉದ್ದ, ಅಂದರೆ 12 ಚದರ ಸೆಂಟಿಮೀಟರ್ ಎಂದುಕೊಂಡರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.8 ಕೆ.ಜಿ. ಒತ್ತಡ ಬೀಳುತ್ತದೆ. ವೈದ್ಯರು ರಕ್ತದೊತ್ತಡ ಅಳೆಯುವ ಪಾದರಸದ ಅಳತೆಯಲ್ಲಿ ಇದು ಸುಮಾರು 590 ಮಿಲಿಮೀಟರ್. ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಾಗ 200 ದಾಟುವ ಹೊತ್ತಿಗೇ ಕೈ ಜುಮ್ಮೆನ್ನುತ್ತದೆ. ಚರ್ಮದ ಅತಿ ಸಣ್ಣ ರಕ್ತನಾಳಗಳೊಳಗಿನ ಒತ್ತಡವಂತೂ ಸುಮಾರು 30 ಮಿಲಿಮೀಟರ್ ಮಾತ್ರ. ಹೊರಗಿನಿಂದ 590ರ ಒತ್ತಡ ಬಿದ್ದರೆ ಅಲ್ಲಿ ರಕ್ತ ಹರಿಯಲು ದಾರಿಯೇ ಇಲ್ಲ. ಮೊದಲು ಉರಿ, ಆಮೇಲೆ ನೋವು, ಆಮೇಲೆ ಜೋಮು. ಜೋಮು ಹಿಡಿದ ಕಾಲಿಗೆ ಮುಳ್ಳು ಸರಿಯಾಗಿ ಊರಿದೆಯೋ ಇಲ್ಲವೋ ತಿಳಿಯುವುದಿಲ್ಲ. ಐವತ್ತು ಅಡಿ ಮೇಲೆ ಅದು ತಿಳಿಯದಿದ್ದರೆ ಏನಾದೀತು ಎಂದು ಬೇರೆ ಹೇಳಬೇಕಿಲ್ಲ. ಮೆತ್ತೆಯನ್ನು ಸುಖಕ್ಕಾಗಿ ಕೊಳ್ಳುವ ವಸ್ತು ಎಂದು ಬಗೆಯುವವರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಸಿಂಬಿ ಹೇಳುವ ಪಾಠ

ನೀರಿನ ಕೊಡ ಅಥವಾ ಸೌದೆ ಹೊರೆ ಹೊರುವ ಹೆಂಗಸರು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಳ್ಳುತ್ತಾರೆ. ಸಿಂಬಿ ಕೊಡದ ತೂಕವನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಅದೇ ತೂಕವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ, ಅಷ್ಟೇ. ಸ್ಪರ್‌ನ ಮೆತ್ತೆ ಮಾಡುವುದೂ ಅದನ್ನೇ. 10 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದದ ಮೆತ್ತೆಯ ವಿಸ್ತೀರ್ಣ 120 ಚದರ ಸೆಂಟಿಮೀಟರ್. ಒಂಬತ್ತೂವರೆ ಕೆ.ಜಿ. ಬಲ ಅದರ ಮೇಲೆ ಸಮನಾಗಿ ಹರಡಿದರೆ ಚದರ ಸೆಂಟಿಮೀಟರಿಗೆ 0.08 ಕೆ.ಜಿ., ಪಾದರಸದ ಲೆಕ್ಕದಲ್ಲಿ ಸುಮಾರು 60 ಮಿಲಿಮೀಟರ್. ಒತ್ತಡ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಆದರೂ ಅದು ಸಣ್ಣ ರಕ್ತನಾಳದ 30ಕ್ಕಿಂತ ಹೆಚ್ಚೇ. ಆದ್ದರಿಂದ ಎಷ್ಟೇ ಒಳ್ಳೆಯ ಮೆತ್ತೆಯಿದ್ದರೂ ಒಂದೇ ಕಾಲಿನ ಮೇಲೆ ಬಹಳ ಹೊತ್ತು ನಿಲ್ಲಬಾರದು. ಆಗಾಗ ಭಾರ ಬದಲಿಸುತ್ತಿರಬೇಕು.

ಮೇಲಿನ ಲೆಕ್ಕದಲ್ಲಿ ‘ಸಮನಾಗಿ ಹರಡಿದರೆ’ ಎಂಬ ಮಾತಿದೆ. ಮೆತ್ತೆ ಆರಿಸುವಾಗ ಮರೆಯಬಾರದ್ದು ಅದೇ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಹೆಚ್ಚು ಮೆತ್ತಗಿದ್ದುದೇ ಒಳ್ಳೆಯದು ಎಂದುಕೊಳ್ಳುವುದು ಸಹಜ. ಆದರೆ ತೀರ ಮೆತ್ತಗಿನ ಸ್ಪಂಜು ಭಾರ ಬಿದ್ದಲ್ಲಿ ಮಾತ್ರ ಪೂರ್ತಿ ಕುಸಿದು ಚಪ್ಪಟೆಯಾಗುತ್ತದೆ. ಉಳಿದ ಕಡೆ ಉಬ್ಬಿಕೊಂಡೇ ಇರುತ್ತದೆ. ದಂಡದ ತುದಿ ಮತ್ತೆ ಎಲುಬಿಗೇ ಬಂತು. ದಿಂಬನ್ನು ತಲೆಯ ಮೇಲಿಟ್ಟು ಯಾರೂ ಕೊಡ ಹೊರುವುದಿಲ್ಲ, ಬಿಗಿಯಾಗಿ ಸುತ್ತಿದ ಸಿಂಬಿಯನ್ನೇ ಇಡುತ್ತಾರೆ.

ಕ್ರಿಕೆಟ್ ಆಡುವ ಹುಡುಗರು ತಮ್ಮ ಕಾಲಿನ ಪ್ಯಾಡನ್ನು ನೆನಪಿಸಿಕೊಳ್ಳಲಿ. ಹಳೆಯ ಮಾದರಿಯ ಪ್ಯಾಡಿನಲ್ಲಿ ಹೊರಗೆ ಬೆತ್ತದ ಪಟ್ಟಿಗಳು, ಒಳಗೆ ಹತ್ತಿ. ಬೆತ್ತ ಚೆಂಡಿನ ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಹತ್ತಿ ಕಾಲಿನ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತದೆ. ಸ್ಪರ್‌ಗೂ ಇದೇ ಬೇಕು. ಹೊರಪದರ ಬಾಗದಷ್ಟು ಗಟ್ಟಿಯಿರಬೇಕು, ಗಟ್ಟಿ ತೊಗಲಾಗಲಿ, ಪ್ಲಾಸ್ಟಿಕ್ ಅಥವಾ ತೆಳು ಲೋಹದ ಹಲಗೆಯಾಗಲಿ. ಒಳಪದರ ಮಧ್ಯಮ ಗಟ್ಟಿಯಾಗಿರಬೇಕು. ಮೀನಖಂಡವನ್ನು ಸುತ್ತಿ ಬರುವ ಆಕಾರವಿದ್ದರೆ ಜಾರುವುದಿಲ್ಲ. ಜಾರುವ ಮೆತ್ತೆ ಚರ್ಮವನ್ನು ಉಜ್ಜಿ ಗಾಯ ಮಾಡುತ್ತದೆ.

ಮಲೆನಾಡಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಇಲ್ಲಿ ಗೋಡೆಗೆ ನೇತುಹಾಕಿದ ತೊಗಲಿನ ಚೀಲ, ಬೆಲ್ಟುಗಳಿಗೆ ಬೂಷ್ಟು ಹಿಡಿಯುತ್ತದೆ. ತೊಗಲಿನ ಮೆತ್ತೆಯನ್ನೂ ಪಟ್ಟಿಯನ್ನೂ ಒರೆಸಿ, ನೆರಳಿನಲ್ಲಿ ಒಣಗಿಸಿ, ಎಣ್ಣೆ ಸವರಿ ಇಡದಿದ್ದರೆ ಮುಂದಿನ ಬೇಸಿಗೆಗೆ ಅವು ಬಿರುಕು ಬಿಟ್ಟಿರುತ್ತವೆ. ಒಲೆಯ ಮೇಲೆ ಅಟ್ಟದಲ್ಲಿ ಒಣಗಿಸಬಾರದು, ಬಿಸಿಗೆ ತೊಗಲು ಗಡುಸಾಗಿ ಸೀಳುತ್ತದೆ. ನೀರು ಹೀರದ ರಬ್ಬರಿನಂಥ ಫೋಮಿನ ಮೆತ್ತೆಗೆ ಈ ತಾಪತ್ರಯ ಕಡಿಮೆ. ಆದರೆ ಅದರಲ್ಲಿ ಬೆವರು ನಿಲ್ಲುವುದರಿಂದ ಒಳಗೆ ಉದ್ದನೆಯ ದಪ್ಪ ಕಾಲುಚೀಲ ಬೇಕು.

ಅಳತೆ ತಪ್ಪಿದರೆ ಮೆತ್ತೆಯೂ ಉಳಿಸದು

ದಂಡದ ಉದ್ದ ಕಾಲಿಗೆ ತಕ್ಕಂತೆ ಇರಬೇಕು. ಬೂಟು ಹಾಕಿಕೊಂಡು ನಿಂತು, ಅಡಿಯ ಕಮಾನಿನಿಂದ ಮೊಣಕಾಲಿನ ಒಳಬದಿಯ ಉಬ್ಬಿದ ಎಲುಬಿನವರೆಗೆ ಅಳೆದು, ಅದರಲ್ಲಿ ಅರ್ಧ ಅಂಗುಲ ಕಳೆಯಬೇಕು. ಅದಕ್ಕಿಂತ ಉದ್ದವಾದರೆ ಮೊಣಕಾಲು ಮಡಿಸಿದಾಗ ತುದಿ ಕೀಲಿಗೆ ಚುಚ್ಚುತ್ತದೆ. ತೀರ ಗಿಡ್ಡವಾದರೆ? ಸನ್ನೆಯ ಲೆಕ್ಕ ಮತ್ತೆ ಮಾಡಿ. 360ನ್ನು 38ರ ಬದಲು 30ರಿಂದ ಭಾಗಿಸಿದರೆ 12. ದಂಡ ಗಿಡ್ಡವಾದಷ್ಟೂ ಕಾಲಿಗೆ ಒತ್ತುವ ಬಲ ಹೆಚ್ಚು. ಹಲವು ಮಾದರಿಗಳಲ್ಲಿ ಉದ್ದ ಹೊಂದಿಸಿಕೊಳ್ಳಲು ತೂತುಗಳಿರುತ್ತವೆ. ಒಂದು ಜೋಡಿಯನ್ನು ಇಬ್ಬರು ಮೂವರು ಬಳಸುವ ತೋಟದಲ್ಲಿ ಅಂಥದ್ದೇ ಬೇಕು, ಪ್ರತಿಯೊಬ್ಬರೂ ತಮ್ಮ ಅಳತೆಗೆ ಹೊಂದಿಸಿಕೊಂಡೇ ಹತ್ತಬೇಕು.

ಮೇಲಿನ ಪಟ್ಟಿಯನ್ನು ಅತಿಯಾಗಿ ಬಿಗಿಯಬಾರದು. ಮೊಣಕಾಲಿನ ಹೊರಬದಿಯಲ್ಲಿ, ಕೆಳಗಾಲಿನ ಸಣ್ಣ ಎಲುಬಿನ ಕುತ್ತಿಗೆಯನ್ನು ಬಳಸಿ ಒಂದು ನರ ಹಾದುಹೋಗುತ್ತದೆ. ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ ಅಪ್ಪಣೆ ಒಯ್ಯುವುದು ಅದೇ ನರ. ಅಲ್ಲಿ ಚರ್ಮದ ಕೆಳಗೇ ಎಲುಬಿಗೆ ಒತ್ತಿಕೊಂಡಿರುವುದರಿಂದ ಬಿಗಿದ ಪಟ್ಟಿಯಿಂದ ಅದಕ್ಕೆ ಪೆಟ್ಟಾಗಬಹುದು. ಇಳಿದ ಮೇಲೂ ಪಾದ ಎತ್ತಲು ಆಗದಿದ್ದರೆ, ಹೆಬ್ಬೆರಳಿನ ಬುಡ ಮರಗಟ್ಟಿದ್ದರೆ ವೈದ್ಯರಿಗೆ ತೋರಿಸಬೇಕು.

ಬೂಟಿಲ್ಲದೆ ಸ್ಪರ್ ಕಟ್ಟುವುದು ಸಲ್ಲದು. ಮಲೆನಾಡಿನಲ್ಲಿ ಜಿಗಣೆ, ಕೆಸರಿಗೆ ಹೆದರಿ ಹಾಕುವ ರಬ್ಬರಿನ ಗಂಬೂಟು ಇದಕ್ಕೆ ಆಗದು. ಅದರ ಅಡಿ ಮೆದು, ಕಬ್ಬಿಣದ ಪಟ್ಟಿ ನೇರವಾಗಿ ಪಾದದ ಕಮಾನಿಗೆ ಕೊರೆಯುತ್ತದೆ. ಅಡಿ ಬಾಗದ, ಹಿಮ್ಮಡಿ ಎದ್ದು ಕಾಣುವ, ಹರಡು ಮುಚ್ಚುವ ಗಟ್ಟಿ ಬೂಟು ಬೇಕು. ಹಿಮ್ಮಡಿ ಇದ್ದರೆ ಪಟ್ಟಿ ಹಿಂದಕ್ಕೆ ಜಾರುವುದಿಲ್ಲ.

ತೂಕದ ವಿಚಾರ ನೋಡಿ. ದಂಡ ಉಕ್ಕಿನದಾಗಿರಬಹುದು, ಅಲ್ಯುಮಿನಿಯಂ ಅಥವಾ ಟೈಟೇನಿಯಂನದೂ ಆಗಿರಬಹುದು. ಉಕ್ಕಿನ ಸಾಂದ್ರತೆ ನೀರಿನ ಸುಮಾರು 7.8 ಪಟ್ಟು, ಟೈಟೇನಿಯಂ 4.5, ಅಲ್ಯುಮಿನಿಯಂ 2.7. ಮುಳ್ಳು ಮಾತ್ರ ಉಕ್ಕಿನದೇ. ಜೋಡಿಯ ತೂಕದಲ್ಲಿ ಒಂದು ಕೆ.ಜಿ. ಉಳಿದರೆ ಎಷ್ಟು ಲಾಭ? ಒಂದು ಮರ 15 ಮೀಟರ್, ದಿನಕ್ಕೆ ಹತ್ತು ಮರ ಎಂದರೆ ಆ ಒಂದು ಕೆ.ಜಿ.ಯನ್ನು ಒಟ್ಟು 150 ಮೀಟರ್ ಎತ್ತಿದಂತಾಯಿತು. 50 ಕೆ.ಜಿ. ಕಾಫಿ ಚೀಲವನ್ನು ಮೂರು ಮೀಟರ್ ಎತ್ತರಕ್ಕೆ ಎತ್ತಿಡುವ ಕೆಲಸವೂ ಅಷ್ಟೇ. ಸಂಜೆಯ ದಣಿವಿನಲ್ಲಿ ಅದು ತಿಳಿಯುತ್ತದೆ.

ಮುಳ್ಳಿನಲ್ಲಿ ಎರಡು ಬಗೆ. ಕಂಬಕ್ಕೆ ಸುಮಾರು ಒಂದೂವರೆ ಅಂಗುಲದ ಗಿಡ್ಡ ಮುಳ್ಳು. ದಪ್ಪ ತೊಗಟೆಯ ಮರಕ್ಕೆ ಸುಮಾರು ಎರಡೂವರೆ ಅಂಗುಲದ ಉದ್ದ ಮುಳ್ಳು. ಗಿಡ್ಡ ಮುಳ್ಳು ದಪ್ಪ ತೊಗಟೆಯಲ್ಲೇ ನಿಂತು, ತೊಗಟೆ ಕಿತ್ತು ಬಂದಾಗ ಮನುಷ್ಯನೂ ಜಾರುತ್ತಾನೆ. ಮೊಂಡಾದ ಮುಳ್ಳನ್ನು ಕೈಯಲ್ಲಿ ಅರ ಹಿಡಿದು ನಿಧಾನವಾಗಿ ಹರಿತ ಮಾಡಬೇಕು. ಯಂತ್ರದ ಸಾಣೆಗೆ ಕೊಟ್ಟರೆ ಬಿಸಿಗೆ ಉಕ್ಕಿನ ಹದ ಕೆಡುತ್ತದೆ. ಇದೇ ಕಾರಣಕ್ಕೆ, ಮನೆ ಕಟ್ಟುವ ಸರಳನ್ನು ಬಾಗಿಸಿ ಬೆಸುಗೆ ಹಾಕಿಸಿ ಮುಳ್ಳು ಮಾಡಿಸುವ ಉಪಾಯ ಅಪಾಯದ್ದು. ಹದ ಹೆಚ್ಚಾದರೆ ಮುಳ್ಳು ಮುರಿಯುತ್ತದೆ, ಕಡಿಮೆಯಾದರೆ ಬಾಗುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯುವುದು ಮರದ ಮೇಲೆ.

ಇನ್ನು ಮರದ ಮಾತು

ಇಷ್ಟು ಓದಿದವರು ಒಳ್ಳೆಯ ಸ್ಪರ್ ಆರಿಸಬಲ್ಲರು. ಅದನ್ನು ಕಟ್ಟಿಕೊಂಡು ತೋಟದ ಮರಗಳನ್ನೆಲ್ಲ ಹತ್ತಬಹುದೇ ಎಂಬುದು ಬೇರೆ ಪ್ರಶ್ನೆ.

ಸಿಲ್ವರ್, ಅತ್ತಿ, ಬಸರಿ, ಹಲಸುಗಳಂಥ ದ್ವಿದಳ ಮರಗಳಲ್ಲಿ ಹೊರಗೆ ತೊಗಟೆ. ತೊಗಟೆಯ ಒಳಪದರದಲ್ಲಿ ಫ್ಲೋಯಂ ಅಂಗಾಂಶ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಇದರಲ್ಲಿ. ಅದರ ಒಳಗೆ ಕಾಗದದಷ್ಟು ತೆಳುವಾದ ಕ್ಯಾಂಬಿಯಂ. ಮರ ದಪ್ಪವಾಗುವುದು ಈ ಪದರದಿಂದ. ಅದರ ಒಳಗೆ ನೀರನ್ನು ಮೇಲಕ್ಕೊಯ್ಯುವ ಕ್ಸೈಲಂ. ಮರದ ಜೀವವೆಲ್ಲ ಇರುವುದು ತೊಗಟೆಯ ಬೆನ್ನಿಗೇ ಅಂಟಿಕೊಂಡ ಈ ಭಾಗದಲ್ಲಿ. ಮುಳ್ಳು ಊರುವುದೂ ಅಲ್ಲಿಗೇ.

15 ಮೀಟರ್ ಮರಕ್ಕೆ 30 ಸೆಂಟಿಮೀಟರಿಗೊಂದು ಹೆಜ್ಜೆಯಂತೆ ಹತ್ತುವಾಗ 50 ತೂತು, ಇಳಿಯುವಾಗ 50. ವರ್ಷಕ್ಕೊಂದು ಮರಗಸಿ ಎಂದರೂ ಹತ್ತು ವರ್ಷಕ್ಕೆ ಒಂದು ಮರಕ್ಕೆ ಸಾವಿರ ತೂತು. ಮನುಷ್ಯನ ಚರ್ಮದ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, 1970ರ ದಶಕದಲ್ಲಿ ಇದನ್ನು ವಿವರಿಸಿದರು. ಕೆಟ್ಟ ಅಂಗಾಂಶವನ್ನು ಮರ ದುರಸ್ತಿ ಮಾಡುವುದಿಲ್ಲ. ಅದರ ಸುತ್ತ ಗೋಡೆ ಕಟ್ಟಿ, ಹೊರಗೆ ಹೊಸ ಮರ ಬೆಳೆಸಿ ಮುಚ್ಚುತ್ತದೆ. ಗಾಯ ಒಳಗೇ ಉಳಿಯುತ್ತದೆ. ಗೋಡೆ ಕಟ್ಟುವ ಮುಂಚೆ ಶಿಲೀಂಧ್ರ ನುಗ್ಗಿದರೆ ಕೊಳೆತ ಆರಂಭ. ಮುಂಗಾರಿನ ಹೊಸ್ತಿಲಲ್ಲಿ, ಜಾವಳಿಯಂಥ ಮಳೆಯ ಊರಿನಲ್ಲಿ ಮರಕ್ಕೆ ನೂರು ತೂತು ಮಾಡಿ ಬಿಡುವುದೆಂದರೆ ಶಿಲೀಂಧ್ರಕ್ಕೆ ನೂರು ಬಾಗಿಲು ತೆರೆದಿಟ್ಟಂತೆ. ಮರದ ಮೇಲೆ ಮೆಣಸಿನ ಬಳ್ಳಿ ಇದ್ದರಂತೂ ಮುಳ್ಳು ಊರಲು ಜಾಗವೇ ಇಲ್ಲ. ಬಳ್ಳಿ ತನ್ನ ಗಿಣ್ಣುಗಳ ಬೇರಿನಿಂದ ಕಾಂಡವನ್ನೆಲ್ಲ ಅಪ್ಪಿರುತ್ತದೆ. ಊರಿದ ಮುಳ್ಳು ಬಳ್ಳಿಯನ್ನೇ ಸೀಳೀತು.

ಅಮೆರಿಕದಲ್ಲಿ ಮರದ ಆರೈಕೆಗೆಂದೇ ಎ-300 ಎಂಬ ಮಾನಕ ಇದೆ. ಉಳಿಸಿಕೊಳ್ಳಬೇಕಾದ ಮರದ ಕೊಂಬೆ ಸವರಲು ಸ್ಪರ್ ಬಳಸಬಾರದೆಂಬುದು ಅದರ ನಿಯಮ. ಮರದ ಮೇಲೆ ಸಿಕ್ಕಿಕೊಂಡವರನ್ನು ಕಾಪಾಡುವಂಥ ಕೆಲವು ಸಂದರ್ಭಗಳಿಗೆ ವಿನಾಯಿತಿ ಇದೆ. ಸ್ಪರ್ ಹುಟ್ಟಿ ಬೆಳೆದ ನಾಡಿನವರೇ ಅದನ್ನು ಕಡಿದು ಇಳಿಸುವ ಮರಕ್ಕೆ, ಸತ್ತ ಕಂಬಕ್ಕೆ ಮೀಸಲಿಟ್ಟಿದ್ದಾರೆ.

ಅಡಿಕೆ, ತೆಂಗಿನ ಲೆಕ್ಕ ಬೇರೆ

ಅಡಿಕೆ, ತೆಂಗು ಏಕದಳ ಸಸ್ಯಗಳು. ಅವುಗಳಲ್ಲಿ ಕ್ಯಾಂಬಿಯಂ ಇಲ್ಲ. ಗಾಯದ ಮೇಲೆ ಹೊಸ ಪದರ ಬೆಳೆದು ಮುಚ್ಚುವ ಸಾಧ್ಯತೆಯೂ ಇಲ್ಲ. ಇಂದು ಚುಚ್ಚಿದ ತೂತು ಮರ ಬದುಕಿರುವವರೆಗೆ ತೂತಾಗಿಯೇ ಇರುತ್ತದೆ. ಬೆರಳೆಣಿಕೆಯ ಅಂಗುಲ ದಪ್ಪದ ಅಡಿಕೆ ಮರಕ್ಕೆ ಸ್ಪರ್ ಕಟ್ಟುವುದನ್ನು ಯೋಚಿಸಲೂಬಾರದು.

ಅಡಿಕೆ ಕೊನೆ ತೆಗೆಯುವವರು ತಲೆತಲಾಂತರದಿಂದ ಬಳಸಿರುವುದು ಎರಡೂ ಪಾದಗಳನ್ನು ಕೂಡಿಸುವ ತಳೆ, ಅಂದರೆ ಹಗ್ಗದ ಬಳೆ. ಅದು ಚುಚ್ಚುವುದಿಲ್ಲ, ಕಾಂಡವನ್ನು ಎರಡು ಪಾದಗಳ ನಡುವೆ ಹಿಡಿದು ಘರ್ಷಣೆಯ ಬಲದಿಂದ ನಿಲ್ಲಿಸುತ್ತದೆ. ಈಚಿನ ಯಂತ್ರಗಳೂ ಇದೇ ದಾರಿ ಹಿಡಿದಿವೆ. ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ.ಜೆ. ಜೋಸೆಫ್ ರೂಪಿಸಿದ ತೆಂಗಿನ ಮರ ಏರುವ ಸಾಧನದಲ್ಲಿ ಕಾಂಡವನ್ನು ಸುತ್ತಿ ಹಿಡಿಯುವ ತಂತಿಹಗ್ಗದ ಎರಡು ಕುಣಿಕೆಗಳಿವೆ. ಹತ್ತುವವನು ಪಾದದ ಮೆಟ್ಟಿನ ಮೇಲೆ ನಿಂತೇ ಮೇಲಕ್ಕೆ ಹೋಗುತ್ತಾನೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರದ ಗೆಳೆಯರು ಎಂಬ ಅರ್ಥದ ಹೆಸರಿನಲ್ಲಿ ಯುವಕ ಯುವತಿಯರಿಗೆ ಯಂತ್ರದಿಂದ ಮರ ಏರುವ ತರಬೇತಿ ಆರಂಭಿಸಿತು. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರ ಅಡಿಕೆ ಮರದ ಬೈಕು 2019ರಲ್ಲಿ ದೇಶದ ಗಮನ ಸೆಳೆಯಿತು. ಅದರಲ್ಲಿ ಆಸನದ ಮೇಲೆ ಕುಳಿತೇ ಮೇಲೇರಬಹುದು. ಇವೆಲ್ಲ ಕಾಂಡ ನೇರವಾಗಿ, ಕೊಂಬೆಯಿಲ್ಲದೆ, ಹೆಚ್ಚು ಕಡಿಮೆ ಒಂದೇ ದಪ್ಪ ಇರುವ ಮರಕ್ಕೆ ಹೇಳಿಸಿದ್ದು. ಕೊಂಬೆ, ಬಳ್ಳಿಗಳಿರುವ ನೆರಳಿನ ಮರಕ್ಕೆ ಇವು ಹೊಂದುವುದಿಲ್ಲ.

ಹಾಗಾದರೆ ಜಾವಳಿಯವರು ಏನು ಮಾಡಬೇಕು?

ಮೊದಲು ಮರ ಉಳಿಯುವುದೋ ಉರುಳುವುದೋ ಎಂದು ತೀರ್ಮಾನಿಸಬೇಕು. ಮಾರಲು ಕಡಿಯುವ ಸಿಲ್ವರ್ ಮರ, ಕೆಳಗಿನ ಕಾಫಿ ಗಿಡ ಮುರಿಯದಂತೆ ತುಂಡುತುಂಡಾಗಿ ಇಳಿಸಬೇಕಾದ ಮರ, ಇಂಥವಕ್ಕೆ ಸ್ಪರ್ ಸರಿಯಾದ ಸಾಧನ. ಒಣಗಿದ ಮರವಾದರೆ ಒಳಗೆ ಕೊಳೆತಿಲ್ಲವೆಂದು ಮೊದಲು ಖಚಿತವಾಗಬೇಕು. ಪುಡಿಯಾದ ಮರದಲ್ಲಿ ಮುಳ್ಳು ನಿಲ್ಲುವುದಿಲ್ಲ. ಉಳಿಯುವ ಮರಕ್ಕೆ ಏಣಿ ಮತ್ತು ಹಗ್ಗವೇ ಸರಿ. ತೋಟಗಳಲ್ಲಿ ಮೆಣಸು ಕೊಯ್ಯಲು ಬಳಸುವ ಒಂಟಿ ಬಿದಿರಿನ ಏಣಿ ಕಾಫಿ ಗಿಡಗಳ ನಡುವೆ ನುಸುಳುತ್ತದೆ, ಬಳ್ಳಿಗೆ ತೊಂದರೆ ಕೊಡುವುದಿಲ್ಲ. ಅದರ ತುದಿಯನ್ನು ಕಾಂಡಕ್ಕೆ ಕಟ್ಟಿ, ಹತ್ತುವವನ ಸೊಂಟದ ಬೆಲ್ಟಿನಿಂದ ಕಾಂಡಕ್ಕೆ ಹಗ್ಗ ಬಳಸಿದರೆ ಕೆಲಸ ನಿಧಾನವಾದೀತು, ಮನುಷ್ಯ ಉಳಿಯುತ್ತಾನೆ. ಬೆಲ್ಟು ಕೊಳ್ಳುವಾಗ ಅದರ ಮೇಲೆ ಭಾರತೀಯ ಮಾನಕ 3521ರ ಗುರುತು ಇದೆಯೇ ನೋಡಬೇಕು. ಬೀಳದಂತೆ ಹಿಡಿಯುವ ಬೆಲ್ಟು, ಸರಂಜಾಮುಗಳಿಗಾಗಿ ಇರುವ ಮಾನಕ ಅದು.

ಇನ್ನೊಂದು ಎಚ್ಚರ ಎಲ್ಲಕ್ಕಿಂತ ದೊಡ್ಡದು. ಅಲ್ಯುಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಮೆಣಸು ಕೊಯ್ಯುವವರು ಪ್ರಾಣ ಕಳೆದುಕೊಂಡ ಸುದ್ದಿ ಕಾಫಿ ಜಿಲ್ಲೆಗಳಿಂದ ಮತ್ತೆ ಮತ್ತೆ ಬರುತ್ತದೆ. ಹಗುರವೆಂದು ಕೊಂಡ ಲೋಹವೇ ವಿದ್ಯುತ್ತಿಗೆ ಒಳ್ಳೆಯ ದಾರಿ. ಸ್ಪರ್‌ನ ಲೋಹಕ್ಕೂ, ತಂತಿ ಎಳೆ ಇರುವ ಸೊಂಟದ ಹಗ್ಗಕ್ಕೂ ಈ ಮಾತು ಅನ್ವಯಿಸುತ್ತದೆ. ತಂತಿ ಹಾದುಹೋದ ಮರದ ಹತ್ತಿರ ಲೈನ್ ತೆಗೆಸದೆ ಯಾರೂ ಹತ್ತಬಾರದು. ಹಸಿ ಬಿದಿರು, ನೆಂದ ಬಿದಿರು ಕೂಡ ಆಗ ಕಾಪಾಡುವುದಿಲ್ಲ. ಮಳೆ ಹಿಡಿದು ಕಾಂಡಕ್ಕೆ ಪಾಚಿ ಕಟ್ಟಿದ ಮೇಲೆ ಘರ್ಷಣೆ ಕಡಿಮೆ. ಆಗ ಯಾವ ಸಾಧನವಿದ್ದರೂ ಕೆಲಸವನ್ನು ಮುಂದೂಡುವುದೇ ಜಾಣತನ.

ಮನೆಯಲ್ಲೇ ಮಾಡಿ ನೋಡಿ

ವಿದ್ಯಾರ್ಥಿಗಳು ಮರ ಹತ್ತದೆಯೇ ಈ ಪಾಠ ಕಲಿಯಬಹುದು. ಪುಸ್ತಕ ತುಂಬಿದ ಶಾಲೆಯ ಚೀಲವನ್ನು ತೆಳ್ಳನೆಯ ಹಗ್ಗದಿಂದ ಮುಂಗೈಗೆ ನೇತುಹಾಕಿ, ಅರ್ಧ ನಿಮಿಷ ಹಿಡಿದು ಚರ್ಮದ ಗುರುತನ್ನು ನೋಡಿ. ಆಮೇಲೆ ಹಗ್ಗದ ಕೆಳಗೆ ಸ್ಪಂಜಿನ ತುಂಡು ಇಟ್ಟು ಅದೇ ಚೀಲ ಹಿಡಿಯಿರಿ. ಮೂರನೆಯ ಸಲ ನಾಲ್ಕು ಮಡಿಕೆ ಮಾಡಿದ ಟವಲು, ಅದರ ಮೇಲೆ ಪುಸ್ತಕದ ದಪ್ಪ ರಟ್ಟಿನ ತುಂಡು ಇಟ್ಟು ಹಿಡಿಯಿರಿ. ಚೀಲ ಮೂರು ಸಲವೂ ಅದೇ. ಗುರುತು ಮಾತ್ರ ಬೇರೆ ಬೇರೆ. ಹಗ್ಗದ ಅಗಲವನ್ನೂ ರಟ್ಟಿನ ವಿಸ್ತೀರ್ಣವನ್ನೂ ಅಳೆದು, ಚೀಲವನ್ನು ತೂಗಿ, ಮೂರೂ ಸಲದ ಒತ್ತಡ ಲೆಕ್ಕ ಹಾಕಿದರೆ ಇಡೀ ತರಗತಿಗೆ ಒಂದು ಒಳ್ಳೆಯ ಅಭ್ಯಾಸವಾಗುತ್ತದೆ.

ತಂದೆಯೋ ಅಣ್ಣನೋ ಮಾವನೋ ಮರ ಹತ್ತಿ ದುಡಿಯುವ ಮನೆಯ ಮಕ್ಕಳಿಗೆ ಇನ್ನೂ ಒಂದು ಕೆಲಸವಿದೆ. ಇಂದು ಸಂಜೆ ಅವರ ಬೆಲ್ಟಿನ ಹೊಲಿಗೆ, ಹಗ್ಗದ ಎಳೆ, ಬಕ್ಕಲು, ಏಣಿಯ ಮೆಟ್ಟುಗಳನ್ನು ಬೆಳಕಿಗೆ ಹಿಡಿದು ನೋಡಿ. ಎಳೆ ಬಿಚ್ಚಿದ್ದು ಕಂಡರೆ ಹೇಳಿ. ಕಾಲಿನ ಒಳಬದಿಯಲ್ಲಿ ನೀಲಿಗಟ್ಟಿದ ಗುರುತು ಇದೆಯೇ ಎಂದೂ ಕೇಳಿ. ತೋಟದ ಮಾಲೀಕರ ಮನೆಯ ಮಕ್ಕಳು ಅದೇ ಪ್ರಶ್ನೆಯನ್ನು ತಮ್ಮ ಅಪ್ಪನಿಗೆ ಕೇಳಲಿ: ನಮ್ಮ ಮರ ಹತ್ತುವವರಿಗೆ ಬೆಲ್ಟು ಇದೆಯೇ, ಅದು ಎಷ್ಟು ವರ್ಷದ ಹಳತು? ಹೊಸ ಮೆತ್ತೆ, ಒಳ್ಳೆಯ ಬೂಟು, ಗುರುತಿರುವ ಬೆಲ್ಟಿಗೆ ಆಗುವ ಖರ್ಚನ್ನು ತೋಟದ ಗೊಬ್ಬರ, ಔಷಧಿಯ ಖರ್ಚಿನ ಪಕ್ಕದಲ್ಲಿ ಬರೆದುಕೊಳ್ಳುವುದು ಕಷ್ಟವಾಗಬಾರದು.